ಬೆರಕೆ ರೇಟು

ಕಾಲೇಜಿನ ಲ್ಯಾಬು ಖಾಲಿ ಮಾಡಿಸಿ
ಟಾಟಾ ಏಸಿನಲ್ಲಿ ನಾನೇ ಬಂದೆ ಮಂಡ್ಲಿಯ ಗುಜರಿಗೆ,
ಕೈಯಲ್ಲಿ ಪ್ರಾಂಶುಪಾಲರ ಸಹಿಯಿದ್ದ ಪಟ್ಟಿ:
ಲೋಲಕ ಹನ್ನೊಂದು, ಹಿತ್ತಾಳೆ ಕ್ಯಾಲೊರಿಮೀಟರ್ ಆರು,
ಮುಳ್ಳು ಮುರಿದ ಗ್ಯಾಲ್ವನೋಮೀಟರ್, ಲೆಕ್ಕವಿಲ್ಲ.

ದಸ್ತಗೀರ್ ಒಂದನ್ನೂ ಮುಟ್ಟದೆ ಅಂದ:
'ಹೀಗೇ ಕೊಟ್ಟರೆ ಬೆರಕೆ ರೇಟು, ಮೇಡಂ.
ತಾಮ್ರ ಬೇರೆ, ಹಿತ್ತಾಳೆ ಬೇರೆ ಮಾಡಿ ತಂದಿದ್ದರೆ
ಮಾತೇ ಬೇರೆ ಇತ್ತು.'
ಇಪ್ಪತ್ತಾರು ವರ್ಷ ನಾನು ಬೋರ್ಡಿನ ಮೇಲೆ ಬರೆದ ಎರಡನೇ ನಿಯಮ
ತಕ್ಕಡಿ ಪಕ್ಕ ಬೀಡಿ ಸೇದುತ್ತ ಕೂತಿತ್ತು.

ಗಾಡಿಯ ಹಾಲಸ್ವಾಮಿ ನಡುವೆ ಬಾಯಿ ಹಾಕಿದ:
'ಈ ರಾಶಿ ಮೇಲೆ ಸಾವಿರ ವರ್ಷ ಗಾಳಿ ಬೀಸಲಿ,
ಒಂದು ಲೂನಾ ಎದ್ದು ಬರುತ್ತಾ?
ಮಾಡಿದವನು ಒಬ್ಬ ಇರಲೇಬೇಕು.'
'ಬರಲ್ಲ,' ಅಂದ ದಸ್ತಗೀರ್. 'ಆದರೆ ಲೂನಾ ಮರಿ ಹಾಕಲ್ಲ ಸ್ವಾಮಿ,
ನನ್ನ ಮೇಕೆ ಹಾಕುತ್ತೆ.
ಬದುಕಿದ್ದು ಉಳೀತದೆ. ಅಷ್ಟೇ ವ್ಯಾಪಾರ.'
ಮೇಕೆ ಕ್ಯಾಲೊರಿಮೀಟರಿನ ಲೇಬಲ್ಲು ಮೆಲ್ಲುತ್ತಿತ್ತು.

ರಾಶಿಯ ಬುಡದಲ್ಲಿ ಕೆಂಚಮ್ಮ,
ಹಗ್ಗಕ್ಕೆ ಕಟ್ಟಿದ ಸ್ಪೀಕರಿನ ಅಯಸ್ಕಾಂತ ಇಳಿಬಿಟ್ಟು
ಅಂಟಿದ್ದು ಎಡಕ್ಕೆ, ಅಂಟದ್ದು ಬಲಕ್ಕೆ.
ಅವಳಿಗೆ ಪಠ್ಯದ ಭೂತದ ಕಥೆ ಹೇಳಿದೆ:
ಪೆಟ್ಟಿಗೆಯ ಕಿಂಡಿಯಲ್ಲಿ ಕೂತು
ಚುರುಕಿನ ಕಣ ಆಚೆಗೆ, ಮಂದದ್ದು ಈಚೆಗೆ ಬಿಟ್ಟು
ಒಲೆಯಿಲ್ಲದೆ ಒಂದು ಬದಿ ಕಾಯಿಸುವ ಭೂತ.

'ಅದಕ್ಕೆ ಊಟ ಯಾರು ಹಾಕ್ತಾರೆ?'
'ಊಟ ಬೇಡ ಅಂತ ಲೆಕ್ಕ.'
'ನೆನಪು? ನೋಡಿದ್ದೆಲ್ಲ ತಲೇಲೇ ಇಟ್ಕಂಡ್ರೆ
ನಾಳೆ ಹೆಂಗೆ ಆರಿಸ್ತದೆ?
ನಂಗೆ ರಾತ್ರಿ ಎಲ್ಲ ಮರೀಬೇಕು.
ಮರೆಯಾಕೂ ಮೈ ಬಿಸಿ ಆಗ್ತದೆ ಕಣಮ್ಮಾ.'

ಈ ಉತ್ತರಕ್ಕೆ ವಿಜ್ಞಾನಿಗಳು ನೂರು ವರ್ಷ ತಿಣುಕಿದ್ದು
ಹೇಳಲಿಲ್ಲ. ಕೂಲಿ ಎಷ್ಟು ಅಂತ ಕೇಳಿದೆ.
'ಮುನ್ನೂರೈವತ್ತು. ಚಾ ಬೇರೆ.'

ಕೊನೆಗೆ ಉಳಿದದ್ದು ಗೈಗರ್ ಪೆಟ್ಟಿಗೆ.
ದಸ್ತಗೀರ್ ಸುಮ್ಮನೆ ಒಂದು ಆಟೋ ಬ್ಯಾಟರಿ ತಗುಲಿಸಿದ.
ಟಿಕ್.
ತುಂಬಾ ಹೊತ್ತು ಏನಿಲ್ಲ.
ಟಿಕ್ ಟಿಕ್.

'ಯಾರು ಬಡೀತಿರೋದು?'
ಯಾರೂ ಇಲ್ಲ. ನೆಲದಲ್ಲಿ, ಗೋಡೆಯ ಕಲ್ಲಲ್ಲಿ, ನಮ್ಮದೇ ಮೈಯಲ್ಲಿ
ಯಾವುದೋ ಒಂದು ಪರಮಾಣು ಒಡೆಯುತ್ತದೆ.
ಅದೇ ಯಾಕೆ, ಈಗಲೇ ಯಾಕೆ ಎಂದರೆ
ಅದಕ್ಕೂ ಗೊತ್ತಿಲ್ಲ.

ಹಾಲಸ್ವಾಮಿ ಗೆದ್ದ ಮುಖ ಮಾಡಿದ.
ದಸ್ತಗೀರನೂ.

ಕೆಂಚಮ್ಮ ಎದ್ದು ಬಂದು ಅಯಸ್ಕಾಂತ ತಾಗಿಸಿದಳು.
ಒಂದು ಮಗ್ಗುಲು ಅಂಟಿತು, ಒಂದು ಇಲ್ಲ.
'ಇದನ್ನ ಯಾವ ಕಡೆ ಹಾಕ್ಲಿ?'