ಟಕ್

ವಾಡಿ ರೋಡಿನ ಪಂಪಿನ್ಯಾಗ
ನನ್ನ ಪಿಕಪ್ಪಿಗಿ ಹೆಸರೇ ಇಟ್ಟಿದ್ರು: ಟಕ್ ಗಾಡಿ.
ನಳಿಗಿ ಇಟ್ಟರ ಟಕ್. ಹತ್ತು ರೂಪಾಯಿ. ಟಕ್.
ಓರೆ ಹಿಡಿ, ಮ್ಯಾಲ ಎತ್ತು, ಸಾವಕಾಶ ಬಿಡು,
ಹಿಂದ ನಿಂತವರೆಲ್ಲ ಹಕೀಮರೇ.
ಫರಸಿ ಕಲ್ಲಿನ ಧೂಳು ಮೈತುಂಬ ಮೆತ್ಕೊಂಡು
ಔಷಧ ಉಗುಳೋ ಕೂಸಿನಂಗ
ಡೀಸೆಲ್ ಉಗುಳಿ ನಿಂತಿರ್ತಿತ್ತು ಗಾಡಿ.

ಶಹಾಬಾದಿನ್ಯಾಗ ಮುಚ್ಚಳ ಬದಲಿಸಿದೆ.
ಕಲಬುರಗ್ಯಾಗ ಟ್ಯಾಂಕ್ ತೊಳಸಿದೆ.
ಒಬ್ಬ ಪಂಪಿನ ತಪ್ಪಂದ, ಇನ್ನೊಬ್ಬ ಕಂಪನಿ ತಪ್ಪಂದ.

ಚಂದಮ್ಮ ಮಾತ್ರ ಒಂದಿನಾನೂ ಬೈಲಿಲ್ಲ.
ಒತ್ತತಿದ್ಲು, ಬಿಡತಿದ್ಲು, ನಡುವ ಮಾತಾಡತಿದ್ಲು:
ತಾನು ಸಿಮೆಂಟ್ ಫ್ಯಾಕ್ಟ್ರಿ ಬಿಟ್ಟದ್ದು,
ತಂಗಿ ಸೇಡಂದಾಗ ಹೊಲಿಗಿ ಮಷೀನ್ ತಗೊಂಡದ್ದು,
ಆ ಮಷೀನಿನ ಸಲುವಾಗಿ ಭಾವ...
ಟಕ್.

ಲಾಡ್ಲೆಸಾಬ ಗಾಡಿ ಕೆಳಗ ಹೊಕ್ಕ.
ಟ್ಯಾಂಕಿಗಿ ಕಿವಿ ಹಚ್ಚಿ, ಬಾಯಿಲೆ ಊದಿ,
"ಎಣ್ಣಿ ಒಳಗ ಹೋಗಬೇಕಂದ್ರ
ಗಾಳಿ ಹೊರಗ ಬರಬೇಕಲ್ಲೋ ತಮ್ಮಾ" ಅಂದ.
ಬಗಲಿನ ಸಣ್ಣ ಪೈಪು ಬಿಚ್ಚಿ ಝಾಡಿಸಿದ:
ಅಂಗೈಮ್ಯಾಗ ಕುಂಬಾರ ಹುಳದ ಮನಿ,
ಯರಿಮಣ್ಣಿನ ನಾಕು ಖೋಲಿ,
ಒಂದರಾಗ ಇನ್ನಾ ಸತ್ತ ಜೇಡ.
ನಲವತ್ತು ರೂಪಾಯಿ ತಗೊಂಡ. ಚಾ ಕುಡದ.

ಇವತ್ತು ನಳಿಗಿ ಇಟ್ಟಳು.
ಎರಡು ಸಾವಿರ, ಒಂದ ಉಸುರಿಗಿ.
ಚಂದಮ್ಮ ಮೀಟರ್ ನೋಡಿದಳು, ನನ್ನ ನೋಡಿದಳು,
ಮುಚ್ಚಳ ತಿರುವಿ
ಹಿಂದಿನ ಗಾಡಿಗಿ ಕೈ ಮಾಡಿದಳು.

ಊರು ದಾಟಿದ ಮ್ಯಾಲ ನೆನಪಾತು:
ಭಾವ ಆ ಮಷೀನ್ ಒಯ್ದನೋ, ಬಿಟ್ಟನೋ?
ಟ್ಯಾಂಕ್ ತುಂಬೇದ.
ಇನ್ನ ಎಂಟು ದಿನ ಆ ಕಡಿ ಕೆಲಸಿಲ್ಲ.