ಗುಂಪು

ರಜೆಯ ಲ್ಯಾಬು. ಬಾಯಾರಿನ ಬಿಸಿಲು.
ಬ್ಯಾಂಕಿನವರು ಬೇಡವೆಂದು ಕೊಟ್ಟ ಸ್ಕ್ಯಾನರು.
ವಯರು ಚುಚ್ಚಿದೆ, ದೀಪ ಹತ್ತಿತು;
ಉಬುಂಟು ಮಾತ್ರ, ಯಾವ ಸ್ಕ್ಯಾನರೂ ಕಾಣುವುದಿಲ್ಲ ಅಂದಿತು.

ಕಾಣದ್ದೇನು ಮಾರಾಯ,
ಮೊಣಕೈಗೆ ತಾಗುತ್ತಾ ಇದೆಯಲ್ಲ!

ಜಸಿಂತಾ ಟೀಚರು ತಂದಿಟ್ಟ ದಾಖಲಾತಿ ಪುಸ್ತಕ
ಎಪ್ಪತ್ತನೇ ಇಸವಿಯದ್ದು.
ಗೆದ್ದಲು ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದು
‘ಬೀಫಾತಿಮ್ಮ, ತಂದೆ ಮೂಸೆ’ ಎಂಬಲ್ಲಿ
ಯಾಕೋ ನಿಲ್ಲಿಸಿದೆ.
ಬೀಫಾತಿಮ್ಮ ಹೊರಗೆ ಬೆಂಚಿನಲ್ಲಿದ್ದಾರೆ,
ಪೆನ್ಶನ್ನಿಗೆ ವಯಸ್ಸಿನ ಪುರಾವೆ ಬೇಕು.

ಸುಡೋ ಸೇರಿಸಿ ಮತ್ತೆ ಕೇಳಿದೆ.
ತಟ್ಟನೆ ಕಂಡಿತು.
ಅಂದರೆ ಯಜಮಾನನಿಗೆ ಕಾಣುತ್ತದೆ, ನನಗಿಲ್ಲ;
ಗುಂಪಿನ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಅಷ್ಟೆ.
ಈ ಊರಿನ ಕನ್ನಡದವನಿಗೆ ಇದೇನು ಹೊಸ ಸುದ್ದಿಯೇ?

ಸೇರಿಸಿಕೊಂಡೆ. ಹೊರಗೆ ಹೋಗಿ ಒಳಗೆ ಬರಬೇಕಂತೆ,
ತಡವಾಗಿ ಬಂದ ಹುಡುಗನಿಗೆ ಮೇಷ್ಟ್ರು ಹೇಳುವ ಹಾಗೆ.
ಹೋದೆ.
ಬಂದೆ.

ಗಾಜಿನಡಿ ಬೆಳಕು ನಿಧಾನ ತೆವಳಿತು.
ಶಾಯಿ, ಎಣ್ಣೆಕಲೆ, ಗೆದ್ದಲಿನ ಹಾದಿ,
ಎಲ್ಲ ಪರದೆಯ ತುಂಬ.

ಬೀಫಾತಿಮ್ಮ ಬಂದು ನೋಡಿದರು,
ತನ್ನ ಹೆಸರನ್ನಲ್ಲ, ಅದರ ಕೆಳಗೆ:
‘ದೇಯಿ ಇರಬೇಕಿತ್ತಲ್ಲ ಇಲ್ಲಿ?
ನಾವಿಬ್ಬರೂ ಒಂದೇ ದಿನ ಸೇರಿದ್ದು.’

ಅಲ್ಲಿ ತೂತು.
ತೂತಿನಲ್ಲಿ ಸ್ಕ್ಯಾನರಿನ ಮುಚ್ಚಳದ ಬಿಳಿ.