ಸಿಗಡಿಯ ಪಟ್ಟು

ವಾಸ್ಕೋದ ಮಾಂಗೋರ್ ಗುಡ್ಡದ ಬುಡ, ಟೈರಿನಂಗಡಿಯ ಮಾಳಿಗೆ,
ನೀಲಿ ಚಾಪೆಗೆ ಬೆನ್ನು ಅಂಟಿಸಿಕೊಂಡು ಬಿದ್ದಿದ್ದೇನೆ.
ಎದೆಯ ಮೇಲೆ ಅಡ್ಡಲಾಗಿ ಬೊನಿಫಾಸ್,
ತೊಂಬತ್ತೆರಡು ಕಿಲೋ, ಬಂದರಿನ ಕ್ರೇನ್ ಓಡಿಸುವವನು,
ಭಾರ ಎಲ್ಲಿ ಇಳಿಸಬೇಕೆಂದು ಚೆನ್ನಾಗಿ ಬಲ್ಲ.

ಅವನ ಹೆಗಲು ನನ್ನ ಗದ್ದವನ್ನು ಆಚೆ ತಿರುಗಿಸಿದೆ.
ಕಾಣುವುದು ಇಷ್ಟೇ:
ಗೋಡೆಯ ಬುಡ, ಒಡೆದ ಪ್ಲಗ್ಗು, ಮೂಲೆಯಲ್ಲಿ ನನ್ನದೇ ಬಕೀಟು.
ಫೀಸಿನ ಬದಲು ಚಾಪೆ ಒರೆಸುತ್ತೇನೆ ನಾನು.

ಮುಧೋಳದ ನಮ್ಮ ಸೋದರಮಾವ ಪೈಲ್ವಾನ.
ಬೆನ್ನಿಗೆ ಮಣ್ಣು ಹತ್ತಿತೋ, ಮುಗೀತು. ಚಿತ್.
ಹಲಗಿಯವರು ಗೆದ್ದವನ ಹಿಂದೆ ಹೋಗಿಬಿಡುತ್ತಿದ್ದರು.
ಹಾಗೆ ಒಮ್ಮೆ ಬಿದ್ದವನು ಮತ್ತೆ ಗರಡಿಯ ಕಡೆ ಮುಖ ಹಾಕಲಿಲ್ಲ.
ಇಲ್ಲಿ ಬೆನ್ನು ಹತ್ತಿದರೂ ಯಾರೂ ಸೀಟಿ ಊದುವುದಿಲ್ಲ.
ಆಟ ಇನ್ನೂ ಇದೆ, ಎನ್ನುತ್ತಾನೆ ಕಾಯ್ತಾನ್ ಮಾಸ್ತರ,
ಚಹಾ ಕುಡಿಯುತ್ತ.

ಮೊದಲ ತಿಂಗಳು ಎತ್ತಿ ಒಗೆಯಲು ನೋಡಿದೆ.
ಒದ್ದಾಡಿದೆ, ಹಲ್ಲು ಕಡಿದೆ.
ಅವನು ಕಾದ. ಅಷ್ಟೇ, ಕಾದ.
ನನ್ನ ಉಸಿರನ್ನು ನಾನೇ ಎಣಿಸಿ ಎಣಿಸಿ
ಅವನ ಕೈಗೆ ಕೊಟ್ಟೆ.

“ಅವನನ್ನು ತಳ್ಳಬೇಡ ಗೋ ಬಾಯ್, ನೀನು ಸರಿ.
ಸುಂಗಟ ಗೊತ್ತಲ್ಲ? ಸುಂಗಟ ಆಗು.”

ನನಗೆ ಗೊತ್ತಿರದೆ!
ದಿನಕ್ಕೆ ಇಪ್ಪತ್ತು ಕಿಲೋ ಸಿಗಡಿ ಸುಲಿಯುತ್ತೇನೆ, ಐಸಿನ ನೀರಲ್ಲಿ,
ತಲೆ ಕಿತ್ತು, ಬೆನ್ನಿನ ಕರಿ ನೂಲೆಳೆದು.
ಉಗುರಿನ ವಾಸನೆ ಲಿಂಬೆಗೂ ಜಗ್ಗುವುದಿಲ್ಲ;
ಬೊನಿಫಾಸ್ ಮೂಗು ತಿರುಗಿಸುತ್ತಾನೆ,
ಆ ತಿರುವಿನಲ್ಲೂ ಒಂದು ಸಂದು.
ಬುಟ್ಟಿಯಲ್ಲಿ ಒಂದೊಂದಕ್ಕೆ ಇನ್ನೂ ಜೀವ ಇರುತ್ತದೆ.
ಮುಟ್ಟಿದರೆ ಮೇಲೆ ಬರುವುದಿಲ್ಲ, ಮುಂದೆ ಬರುವುದಿಲ್ಲ.
ಮಡಚಿ, ಚಟ್ಟನೆ, ಹಿಂದಕ್ಕೆ.

ಒಂದು ಮುಂಗೈ ಅವನ ಕುತ್ತಿಗೆಗೆ, ಇನ್ನೊಂದು ಸೊಂಟದ ಮೂಳೆಗೆ.
ತಳ್ಳುವುದಕ್ಕಲ್ಲ,
ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಟ್ಟ ಹಾಗೆ.
ಪಾದ ಊರಿ ನಡು ಎತ್ತಿದೆ, ಸುಳ್ಳಿಗೆ,
ಅವನು ಭಾರ ಸರಿಮಾಡಿಕೊಳ್ಳುವಷ್ಟರಲ್ಲಿ
ಮಗ್ಗುಲಾಗಿ, ಮಡಚಿ, ಹಿಂದಕ್ಕೆ.

ಸಿಕ್ಕಿದ್ದು ಒಂದು ಗೇಣು.

ಕೆಳಗೆ ಅದಿರಿನ ಗಾಡಿ ಹೋಯಿತು, ಕಿಟಕಿ ಗಡಗಡ.
ಆ ಗೇಣಿನೊಳಗೆ ಮೊಣಕಾಲು ತೂರಿಸಿದೆ.
ಒತ್ತಿ ಮಡಿಸಲು ನೋಡಿದ. ಇನ್ನರ್ಧ ಗೇಣು ಸರಿದೆ.
ಕತ್ತು ನನ್ನ ಮಾತು ಕೇಳಿತು. ಮಾಡು ಕಂಡಿತು, ಟ್ಯೂಬ್‌ಲೈಟು,
ಅದಕ್ಕೂ ಮೊದಲು ಬೊನಿಫಾಸನ ಮುಖ,
ಬೆವರು, ಒಂದು ಹಲ್ಲಿಲ್ಲದ ನಗು.

ಗೆದ್ದೆ ಎಂದಲ್ಲ. ಈಗಲೂ ನಾನೇ ಕೆಳಗೆ.
ನಡುವೆ ಮಾತ್ರ ನನ್ನದೊಂದು ಮೊಣಕಾಲು.
ಇದಕ್ಕೆ ಏನೆನ್ನುತ್ತಿದ್ದನೋ ಸೋದರಮಾವ,
ಹಲಗಿಯವರು ಯಾರ ಕಡೆ ಹೋಗುತ್ತಿದ್ದರೋ.

ಗಂಟೆಯಾಯಿತು. ಅವನು ಅಂಗೈ ಮೂಸಿಕೊಂಡು ಕೇಳಿದ,
“ಇವತ್ತು ಯಾವ ಸೈಜಿಂದು, ನೀಲವ್ವಾ?”
“ದೊಡ್ಡದು. ಕಿಲೋಗೆ ಮೂವತ್ತು ಬೀಳುತ್ತವೆ” ಎಂದೆ,
ನೀರು ಕುಡಿದೆ,
ಮತ್ತೆ ಬೆನ್ನು ಚಾಪೆಗೆ ಕೊಟ್ಟೆ.